ಬೂದಿ ಬಳಿದ ಸೌದೆ

ಮಾರ್ಚ್ 9

ಸೌದೆ ಸೀಳುವುದು ಮುಗಿಯಿತು. ಸೊಂಟ ಬಿದ್ದುಹೋಗಿದೆ. ಹಲಗೆ ಹಾಕಿ ಪೇರಿಸಿದೆ — ತೊಗಟೆ ಮೇಲೆ, ನಡುವೆ ಗಾಳಿಯಾಡಲು ಸಂದಿ, ರಾಶಿಯ ತಲೆಗೆ ಮಾತ್ರ ತಗಡು. ಎಲ್ಲ ಅತ್ತೆ ಕಲಿಸಿದ್ದು. ಪಕ್ಕದ ಮನೆ ಸೊಸೆಗೆ, ಅಂದರೆ ನನ್ನ ಓರಗಿತ್ತಿಗೆ, ಕಲಿಯುವ ಪುರುಸೊತ್ತೆಲ್ಲಿ? ಒಣಗಿದ ಮೇಲೆ ಎರಡು ತುಂಡು ಬಡಿದರೆ ಠಣ್ ಅನ್ನಬೇಕು. ಇವತ್ತು ಇನ್ನೂ ಹಸಿ, ಬರೀ ದೊಪ್.

ಅಕ್ಟೋಬರ್ 2

ಠಣ್! ಆದರೆ ಗೋಡೆ ಕಡೆಯ ಸಾಲು ಇಳಿದಿದೆ. ಕೆಸರಲ್ಲಿ ಮೈದುನನ ಚಪ್ಪಲಿ ಗುರುತು. ಹೋದ ವರ್ಷವೂ ಇದೇ. ಕೊನೆಗೆ ಚಳಿಯಲ್ಲಿ ನಡುಗಿದ್ದು ನಾನು.

ಅಕ್ಟೋಬರ್ 3

ಗೋಡೆಯಾಚೆಗೆ ಕೇಳಿಯೇಬಿಟ್ಟೆ. ಓರಗಿತ್ತಿ ಅಂದಳು, "ಅಯ್ಯೋ ಅಕ್ಕಾ, ಭಾವನೇ ಇಲ್ಲ. ಒಬ್ರಿಗೆ ಅಷ್ಟೊಂದು ಸೌದೆ ಯಾಕೆ?" ಒಳಗೆ ಮೈದುನ ನಕ್ಕ.

ನಗಲಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಸೌದೆ ಕದ್ದವನು ಹೊಗೆ ಕುಡಿಯಲಿ.

ಅಕ್ಟೋಬರ್ 6

ಮರ ಕಡಿಯುವವನಿಂದ ಹಸಿ ತುಂಡು ತರಿಸಿದೆ. "ಇದು ಈ ವರ್ಷಕ್ಕಾಗಲ್ಲ ಕಣಮ್ಮಾ." "ಗೊತ್ತಪ್ಪಾ, ಇಳಿಸು."

ಒಣಗಿದ್ದೆಲ್ಲ ಮನೆಯೊಳಗೆ. ಹಸಿಯದು ಗೋಡೆ ಪಕ್ಕಕ್ಕೆ. ಕೊಯ್ದ ಮುಖಕ್ಕೆ ಬೂದಿ ತಿಕ್ಕಿದೆ, ಚಾಕುವಿನಿಂದ ಬಿರುಕು ಎಳೆದೆ. ನೋಡಿದರೆ ಹಳೇ ಸೌದೆ. ಬಡಿದರೆ ಮಾತ್ರ ಗುಟ್ಟು ರಟ್ಟು. ಪಕ್ಕದ ಮನೆಯಲ್ಲಿ ಬಡಿದು ನೋಡುವವರು ಅತ್ತೆ ಒಬ್ಬರೇ. ಮಂಡಿನೋವು, ಹೊರಗೆ ಬರುವುದಿಲ್ಲ.

ನವೆಂಬರ್ 18

ಕೊರೆಯುವ ಚಳಿ. ಆದರೂ ಪಕ್ಕದ ಮನೆ ಕಿಟಕಿ ಬಾಗಿಲೆಲ್ಲ ತೆರೆದಿದೆ! ಹೊಗೆಯೋ ಹೊಗೆ. ಓರಗಿತ್ತಿ ಗಂಡನ ಜನ್ಮ ಜಾಲಾಡುತ್ತಿದ್ದಾಳೆ. ಹೊಟ್ಟೆ ತಣ್ಣಗಾಯಿತು. ಕಾಫಿ ಮಾಡಿಕೊಂಡು ಕಿಟಕಿ ಹತ್ತಿರ ಕೂತು ಕುಡಿದೆ.

ನವೆಂಬರ್ 20

ಇವತ್ತೂ ಹೊಗೆ. ನಡುವೆ ಕೆಮ್ಮು... ಅತ್ತೆಯದು. ಅವರ ಎದೆ ಮೊದಲೇ ಸರಿಯಿಲ್ಲ. ಅದು ನನಗೆ ಹೊಳೆದಿರಲಿಲ್ಲ.

ಸುಳ್ಳು. ಬೂದಿ ತಿಕ್ಕುವಾಗಲೇ ಹೊಳೆದಿತ್ತು. ಆದರೂ ತಿಕ್ಕಿದೆ.

ನವೆಂಬರ್ 21, ಸಂಜೆ

ಅತ್ತೆ ಬಂದಿದ್ದಾರೆ. ಗೋಡೆ ಹಿಡಿದುಕೊಂಡು, ಕಾಲೆಳೆದುಕೊಂಡು. "ಅಲ್ಲಿ ಉಸಿರಾಡಕ್ಕಾಗಲ್ಲ ಕಣೇ." ಒಲೆ ಪಕ್ಕ ಕೂರಿಸಿದೆ. ನನ್ನ ಬೆಂಕಿ ಚೆನ್ನಾಗಿ ಉರಿಯುತ್ತಿತ್ತು. ಅದನ್ನೇ ನೋಡುತ್ತಾ ಕೂತರು.

ಆಮೇಲೆ ಶಾಲಿನೊಳಗಿಂದ ಒಂದು ತುಂಡು ತೆಗೆದರು. ಬೂದಿ ಬಳಿದದ್ದು. ನನ್ನ ಬುಟ್ಟಿಯಿಂದ ಇನ್ನೊಂದು ಎತ್ತಿ ಬಡಿದರು. ದೊಪ್.

"ಹೀಗೆ ಬಡಿದು ನೋಡೋದನ್ನ ನಾನು ಕಲಿಸಿದ್ದು ನಿನಗೊಬ್ಬಳಿಗೇ."

ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ. ಕೆಮ್ಮು ಇನ್ನೂ ನಿಂತಿಲ್ಲ. "ಆ ಪುಸ್ತಕ ಇಟ್ಟು ಇಲ್ಲಿ ಬಾ" ಅನ್ನುತ್ತಿದ್ದಾರೆ. ಹೋಗಿ ಏನಂತ ಹೇಳ—