ಒಂದೇ ಟೇಪಿನಲ್ಲಿ ಎರಡು ದನಿ

೧೭ ನವೆಂಬರ್ ೧೯೯೧
ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀ, ಬೈದುಕೋ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ "ಇಲ್ಲಿ ಎಲ್ಲರೂ ಕ್ಷೇಮ" ಎಂದು ಬರೆದು ಅಲ್ಲೇ ನಿಂತೆ. ನಿನ್ನ ಯಜಮಾನರ ಕಾಲಿನ ಪ್ಲಾಸ್ಟರ್ ಬಿಚ್ಚಿದರು, ಕೋಲು ಹಿಡಿದು ವರಾಂಡದವರೆಗೆ ನಡೆದರು ಎಂದು ಓದಿ ಮನಸ್ಸು ಹಗುರವಾಯಿತು. ಅವರನ್ನು ಆ ಸ್ಥಿತಿಯಲ್ಲಿ ಬಿಟ್ಟು ನಮ್ಮ ಗುಬ್ಬಿಯ ಕೊನೆಗಾಲಕ್ಕೆ ಬರಲಾಗಲಿಲ್ಲವೆಂದು ನೀನು ಕೊರಗಬೇಡ. ಅವನು ನಿನ್ನ ಮೇಲೆ ಬೇಸರ ಇಟ್ಟುಕೊಂಡು ಹೋಗಲಿಲ್ಲ, ಅಷ್ಟು ಮಾತ್ರ ನಾನು ಎದೆ ಮುಟ್ಟಿ ಹೇಳಬಲ್ಲೆ.

ನನ್ನ ತಮ್ಮನೇ ಆದರೂ ನಿಮ್ಮ ಬಾಯಿಂದ ನನಗೂ ದೊಡ್ಡಣ್ಣನಾದವನು ಕಳಿಸಿದ ಕ್ಯಾಸೆಟ್ ಕೇಳಿ ನೀನು ಬರೆದಿದ್ದೀ: "ಒಂದೇ ಬೆಂಚಿನ ಮೇಲೆ ಕೂರದವರು ಅಪ್ಪನ ಹಾಡನ್ನು ಒಟ್ಟಿಗೆ ಹಾಡಿದ್ದಾರಲ್ಲ ಅಕ್ಕ, ಯಾವಾಗ ರಾಜಿಯಾದರು? ನನಗೊಂದು ಮಾತು ತಿಳಿಸಬಾರದಿತ್ತೇ?"

ರಾಜಿಯಾಗಲಿಲ್ಲ ಪುಟ್ಟಿ. ಒಟ್ಟಿಗೆ ಹಾಡಲೂ ಇಲ್ಲ. ಗುಬ್ಬಿ ಹಾಡಿದ್ದು ಜೂನಿನಲ್ಲಿ, ದೊಡ್ಡಣ್ಣ ಹಾಡಿದ್ದು ಆಗಸ್ಟಿನಲ್ಲಿ. ಅದು ಹೇಗಾಯಿತೆಂದು ಮೊದಲಿನಿಂದ ಹೇಳುತ್ತೇನೆ.

ಮೇ ತಿಂಗಳ ಒಂದು ಮಧ್ಯಾಹ್ನ ಗುಬ್ಬಿ ಬಂದ. ನಮ್ಮ ಮನೆಯ ಹನ್ನೊಂದು ಮೆಟ್ಟಿಲಿಗೆ ಎರಡು ಕಡೆ ನಿಂತು ನಿಂತು ಹತ್ತಿದ. ಇಪ್ಪತ್ತೆರಡು ವರ್ಷ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಧೂಳು ಕುಡಿದಿದ್ದ. ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ ಎಂದು ಡಾಕ್ಟರು ಹೇಳಿದ್ದರು. ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು ಅಂದ: "ಅಕ್ಕ, ಇನ್ನೂ ಸ್ವಲ್ಪ ಉಸಿರಿದೆ. ಅಪ್ಪನ ಹಾಡು ಹಾಡಿ ಇಟ್ಟುಬಿಡ್ತೀನಿ. ನನ್ನ ಮಗಳಿಗೆ ಬೇಕು."

"ಅದಕ್ಕೇನು, ನಿನ್ನ ಟೇಪ್‌ರೆಕಾರ್ಡರಿನಲ್ಲೇ ಹಾಡು" ಅಂದೆ.

"ಅದರಲ್ಲಿ ಹಾಡಿದ್ರೆ ಅರ್ಧ ಹಾಡು ಆಗುತ್ತೆ."

ನಿಜವೇ. ಅಪ್ಪ ಅದನ್ನು ಕಟ್ಟಿದ್ದು ಗರಗಸಕ್ಕೆ. ಉದ್ದ ಗರಗಸದ ಆ ತುದಿಯಲ್ಲಿ ದೊಡ್ಡಣ್ಣ, ಈ ತುದಿಯಲ್ಲಿ ಗುಬ್ಬಿ, ನಡುವೆ ದಿಮ್ಮಿ. "ಎಳೆಯೋ ಅಣ್ಣ" ಎಂದು ಗುಬ್ಬಿ ಎಳೆದೆಳೆದು ಹಾಡಬೇಕು. ಅದು ಮುಗಿಯುವ ಮೊದಲೇ "ಬಿಡೆಲೋ ತಮ್ಮ" ಎಂದು ದೊಡ್ಡಣ್ಣ ಹಿಡಿದುಕೊಳ್ಳಬೇಕು. ಒಬ್ಬನ ಪಾಲು ಮಾತ್ರ ಕೇಳಿದರೆ ಯಾರೋ ಖಾಲಿ ಮನೆಯಲ್ಲಿ ಕೂಗಿದ ಹಾಗಿರುತ್ತದೆ. ಇಬ್ಬರ ದನಿಗೆ ಜೊತೆ ಸೇರುತ್ತೇನೆಂದು ನೀನೊಂದು ದಿನ ಬಾಯಿ ಬಿಟ್ಟಿದ್ದಕ್ಕೆ, ಗರಗಸಕ್ಕೆ ಮೊಳೆ ಸಿಕ್ಕಿತೇನೋ ಎಂದು ಅಪ್ಪ ಬಗ್ಗಿ ನೋಡಿದ್ದರು. ಅದನ್ನು ಹೇಳಿದಾಗ ಗುಬ್ಬಿ ನಕ್ಕ, ನಕ್ಕಿದ್ದಕ್ಕೆ ಐದು ನಿಮಿಷ ಕೆಮ್ಮಿದ.

"ಅವನೂ ನಾನೂ ಎದುರುಬದುರು ಕೂರೋದು ಆಗದ ಮಾತು" ಅಂದ. "ಬೇರೆ ಬೇರೆ ದಿನ ಹಾಡಿದ್ರೂ ಜೊತೆಗೇ ಕೇಳಿಸೋ ಮಷೀನ್ ಇದೆಯಂತೆ. ನೀನು ಹುಡುಕು."

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳೆಂದು, ತಂತಿ ಇರುವ ಯಂತ್ರವೆಲ್ಲ ನನಗೆ ಗೊತ್ತೆಂದು ಅವನ ಲೆಕ್ಕ. ನನಗೆ ಏನೂ ಗೊತ್ತಿರಲಿಲ್ಲ. ಆದರೂ ಒಪ್ಪಿಕೊಂಡೆ. ಒಂಬತ್ತು ವರ್ಷದಲ್ಲಿ ಅವನು ದೊಡ್ಡಣ್ಣನನ್ನು 'ಅವನು' ಎಂದಾದರೂ ಕರೆದದ್ದು ಅದೇ ಮೊದಲು. ಅಮ್ಮ ತೀರಿಹೋಗುವಾಗ ದೊಡ್ಡಣ್ಣ ಬರಲಿಲ್ಲವೆಂದು ಇವನಿಗೆ ಸಿಟ್ಟು; ಗುಬ್ಬಿ ಬೇಕೆಂದೇ ಸುದ್ದಿ ಮುಟ್ಟಿಸಲಿಲ್ಲವೆಂದು ಅವನಿಗೆ ಸಿಟ್ಟು. ಆಮೇಲೆ ಬಂದವನ ಮುಖಕ್ಕೆ ಇವನು ಬಾಗಿಲು ಹಾಕಿದ. ಅಲ್ಲಿಂದ ಅವರಿಬ್ಬರ ನಡುವೆ ಒಂದಕ್ಷರ ಹೋಗಿಲ್ಲ, ನಿನಗೆ ಗೊತ್ತೇ ಇದೆ.

ಮಾರುಕಟ್ಟೆಯ ಹಿಂದಿನ ರೇಡಿಯೋ ರಿಪೇರಿಯವರ ಬಳಿ ಎರಡು ಯಂತ್ರಗಳಿದ್ದವು. ಒಂದು ಸೂಟ್‌ಕೇಸಿನಷ್ಟು ದೊಡ್ಡದು, ತಟ್ಟೆಯಂಥ ಎರಡು ಸುರುಳಿ ತಿರುಗುವಂಥದ್ದು. ಇನ್ನೊಂದು ಮಾಮೂಲಿ ಕ್ಯಾಸೆಟ್ ಹಾಕುವಂಥದ್ದು, ಮೈತುಂಬ ಗುಂಡಿಗಳು. ನನಗೆ ದೊಡ್ಡದರ ಮೇಲೇ ಕಣ್ಣು, ಅದರ ಗತ್ತು ನೋಡಿ. ಅವರು ನಕ್ಕು, "ಅಮ್ಮಾ, ಮೊದಲು ಟೇಪು ಸವರಿಕೊಂಡು ಹೋಗುವ ಇದರ ಹೆಡ್ ಮೇಲೆ ಉಗುರು ಆಡಿಸಿ ನೋಡಿ" ಅಂದರು. ಟೇಪು ಉಜ್ಜಿ ಉಜ್ಜಿ ಅಲ್ಲೊಂದು ಹಳ್ಳವೇ ಆಗಿತ್ತು. "ಸವೆದ ಹೆಡ್ಡು, ಗಟ್ಟಿಯಾದ ರಬ್ಬರ್ ಗಾಲಿ, ಇವೆರಡು ಇದ್ದರೆ ಬಿಟ್ಟಿ ಕೊಟ್ಟರೂ ಮುಟ್ಟಬಾರದು. ಅದಕ್ಕಿಂತ ಮುಖ್ಯ, ಇದರಲ್ಲಿ ಒಂದೇ ಟೇಪಿನ ಮೇಲೆ ನಾಲ್ಕು ದನಿ ಬೇರೆ ಬೇರೆ ಗೆರೆಯಾಗಿ ರೆಕಾರ್ಡ್ ಆಗುತ್ತವೆ ನಿಜ. ಆದರೆ ಮೊದಲು ಹಾಡಿದ್ದನ್ನು ಕೇಳುತ್ತಾ ಎರಡನೆಯವರು ಹಾಡಿದರೆ, ಆ ದನಿ ಹಿಂದೆ ಬೀಳುತ್ತದೆ. ಕೇಳಿಸುವ ಹೆಡ್ಡೇ ಬೇರೆ, ಟೇಪಿಗೆ ಬರೆಯುವ ಹೆಡ್ಡೇ ಬೇರೆ. ನಿಮ್ಮ ಹಾಡಿಗೆ ಆಗುವುದಿಲ್ಲ."

ಹೀಗಾಗಿ ಚಿಕ್ಕದನ್ನೇ ತಂದೆ. ಅದರಲ್ಲೂ ನಾಲ್ಕು ಗೆರೆ, ಆದರೆ ಕೇಳಿಸುವುದೂ ಬರೆಯುವುದೂ ಒಂದೇ ಹೆಡ್ಡಿನಿಂದ, ಹಾಗಾಗಿ ದನಿಗೆ ದನಿ ಕೂರುತ್ತದೆ. ಕ್ಯಾಸೆಟ್ಟಿನ ಒಂದೇ ಮಗ್ಗುಲು ಬಳಸಬೇಕು, ತಿರುವಿ ಹಾಕಿದರೆ ಎಲ್ಲ ಹಿಂದುಮುಂದಾಗುತ್ತದೆ. ಟೇಪು ಎರಡರಷ್ಟು ವೇಗದಲ್ಲಿ ಓಡುತ್ತದೆ. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಸಿಗುವುದು ಹದಿನೈದೇ ನಿಮಿಷ. ಪ್ರತಿ ಸಲ ಕೂರುವ ಮೊದಲು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ ಒರೆಸಬೇಕು, ಒರೆಸಿದ ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ. ಕಲಿಯಲು ನನಗೆ ಹದಿನೈದು ದಿನ ಹಿಡಿಯಿತು. ಮೊದಲ ವಾರ ನನ್ನ ಬೈಗುಳವನ್ನು ನಾಲ್ಕು ಗೆರೆಯಲ್ಲೂ ರೆಕಾರ್ಡ್ ಮಾಡಿದ್ದೆ.

ಹಿಂದಿನ ಕೋಣೆಯ ಕಿಟಕಿಗೆ ರಜಾಯಿ ಹೊದಿಸಿ, ಫ್ರಿಜ್ಜು ಆರಿಸಿ, ಗಡಿಯಾರ ಎತ್ತಿ ಅಡುಗೆಮನೆಗೆ ಸಾಗಿಸಿದೆ. ಮೊದಲ ಗೆರೆಯಲ್ಲಿ ನಾನು ಸ್ಕೇಲಿನಿಂದ ಮೇಜು ಕುಟ್ಟಿ ಗರಗಸದ ಲಯ ಹಾಕಿದೆ. ಎರಡನೆಯದು ಗುಬ್ಬಿಯದು. ಮೂರು ನಿಮಿಷದ ಹಾಡಿಗೆ ಆರು ಮಧ್ಯಾಹ್ನ ಬೇಕಾಯಿತು. ಸಾಲಿನ ನಡುವೆ ಉಸಿರು ನಿಂತುಬಿಡುತ್ತಿತ್ತು. ಆಗ ಹಿಂದಕ್ಕೆ ಓಡಿಸಿ, ಹಳೆಯದನ್ನು ಕೇಳಿಸಿ, ತಪ್ಪಿದ ಜಾಗ ಬಂದಾಗ ಕೆಂಪು ಗುಂಡಿ ಒತ್ತಬೇಕು, ಸಾಲು ಮುಗಿದ ಕೂಡಲೇ ಬಿಡಬೇಕು. ಕ್ಷಣ ತಡವಾದರೂ ಮುಂದಿನ ಒಳ್ಳೆಯ ಸಾಲು ಅಳಿಸಿಹೋಗುತ್ತದೆ. ಒಂದು ದಿನ ಹಾಗೇ ಆಯಿತು. ನಾನು ತಲೆ ಮೇಲೆ ಕೈ ಹೊತ್ತು ಕೂತರೆ ಅವನು, "ಇರ್ಲಿ ಬಿಡಕ್ಕ, ಇನ್ನೊಂದ್ಸಲ ಹಾಡಿದ್ರೆ ನನ್ನ ಗಂಟೇನು ಹೋಗುತ್ತೆ" ಅಂದ. ಹೋಗುತ್ತಿದ್ದುದು ಅವನ ಉಸಿರೇ. ಜುಲೈನಲ್ಲಿ ಆಸ್ಪತ್ರೆಗೆ ಸೇರಿಸಿದೆವು.

ದೊಡ್ಡಣ್ಣನಿಗೆ ಈ ಕಾಯಿಲೆಯ ವಿಷಯವೇ ತಿಳಿದಿರಲಿಲ್ಲ. ಗುಬ್ಬಿಯ ಸುದ್ದಿ ತನ್ನ ಮುಂದೆ ಎತ್ತಬೇಡವೆಂದು ಎಂದೋ ಅಪ್ಪಣೆ ಮಾಡಿದ್ದ, ನಾನೂ ಎತ್ತಿರಲಿಲ್ಲ. ಅವನ ಮರಗೆಲಸದ ಅಂಗಡಿಗೆ ಹೋಗಿ, ಅಪ್ಪನ ಹಾಡನ್ನು ಟೇಪಿಗೆ ತುಂಬಿಸುತ್ತಿದ್ದೇನೆ, ನಿನ್ನ ಪಾಲು ಹಾಡು ಬಾ ಅಂದೆ. ಉಳಿ ಕೆಳಗಿಟ್ಟು ತುಂಬ ಹೊತ್ತು ಹಲಗೆಯನ್ನೇ ಸವರುತ್ತಿದ್ದ. "ನಾನು ಬರೋ ದಿನ ಅವನು ಅಲ್ಲಿರಬಾರದು" ಅಂದ. ಇರುವುದಿಲ್ಲ ಅಂದೆ.

ಆಗಸ್ಟಿನ ಮೂರನೇ ಭಾನುವಾರ ಬಂದ. ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಫೋಟೋ ತೆಗೆಸಲು ಬಂದವನ ಹಾಗೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಟೇಪು ಓಡಿಸಿದೆ. ಕೋಣೆಯಲ್ಲಿ ನನಗೆ ಏನೂ ಕೇಳಿಸುತ್ತಿಲ್ಲ. ಅವನ ಕಿವಿಯೊಳಗೆ ಮಾತ್ರ ಗುಬ್ಬಿ. ಒಂಬತ್ತು ವರ್ಷದ ಮೇಲೆ, ಅಷ್ಟು ಹತ್ತಿರದಿಂದ. ಅವನ ಸಾಲು ಬಂತು, ಹೋಯಿತು. ಬಾಯಿ ತೆರೆಯಲಿಲ್ಲ. ಎರಡನೆಯದೂ ಹೋಯಿತು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ.

"ಅಕ್ಕ, ಇವನ ಉಸಿರಿಗೆ ಏನಾಗಿದೆ?"

ನಾನು ಟೇಪು ನಿಲ್ಲಿಸಿದೆ.

"ಏಳನೇ ವಯಸ್ಸಿಂದ ಗರಗಸದ ಆಚೆ ತುದಿಯಲ್ಲಿ ಆ ಉಸಿರು ಕೇಳಿದೋನು ನಾನು. ಹಿಂಗಿರಲಿಲ್ಲ ಅದು. ಏನಾಗಿದೆ ಹೇಳು."

ಹೇಳಿದೆ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಹೆಡ್‌ಫೋನ್ ಮತ್ತೆ ತಾನೇ ಹಾಕಿಕೊಂಡು, "ಓಡಿಸು" ಅಂದ. ಒಂದೇ ಸಲಕ್ಕೆ ಹಾಡಿ ಮುಗಿಸಿದ. ನೀನು ಕೇಳಿದೆಯಲ್ಲ, ಮೂರನೇ ಸಾಲಿನಲ್ಲಿ ಅವನು ನಿಧಾನಿಸುತ್ತಾನೆ. ಅದು ಮರೆತದ್ದಲ್ಲ, ಗುಬ್ಬಿ ಉಸಿರು ತೆಗೆದುಕೊಳ್ಳಲಿ ಎಂದು ಕಾದದ್ದು.

ಮುಗಿದ ಮೇಲೆ, "ನನ್ನ ಅವನ ಹತ್ತಿರ ಕರ್ಕೊಂಡು ಹೋಗು ಅಕ್ಕ" ಅಂದ. ನಾನು ಗುಬ್ಬಿಯನ್ನು ಕೇಳಿ ಬಂದು, ಅವನಿಗೆ ಮನಸ್ಸಿಲ್ಲ, ಸ್ವಲ್ಪ ದಿನ ಹೋಗಲಿ ಎಂದು ಹೇಳಿದೆ. ದೊಡ್ಡಣ್ಣ ಒತ್ತಾಯಿಸಲಿಲ್ಲ. ಎರಡು ದನಿಯನ್ನೂ ಸೇರಿಸಿ ಮಾಮೂಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡು ಮಂಗಳವಾರ ಆಸ್ಪತ್ರೆಗೆ ಹೋದೆ. ಗುಬ್ಬಿ ಕಣ್ಣು ಮುಚ್ಚಿ ಎರಡು ಸಲ ಕೇಳಿದ. "ಪರವಾಗಿಲ್ಲ, ಮುದುಕನಾದ್ರೂ ಶ್ರುತಿ ಬಿಟ್ಟಿಲ್ಲ" ಅಂದ. ಶುಕ್ರವಾರ ಬೆಳಿಗ್ಗೆ ಹೋಗಿಬಿಟ್ಟ.

ಹಾಡು ಪೂರ್ತಿಯಾಗಿದ್ದರಿಂದ, ಸ್ಕೇಲಿನ ಗೆರೆ ಅಳಿಸಿ, ಅಣ್ಣತಮ್ಮಂದಿರ ಗೆರೆ ಎರಡನ್ನೇ ಉಳಿಸಿ ಇನ್ನೊಮ್ಮೆ ಇಳಿಸಿದೆ. ನಿನಗೆ ಬಂದಿರುವುದು ಅದರ ನಕಲು. ಒಂದು ಗುಬ್ಬಿಯ ಮಗಳಿಗೂ ಕೊಟ್ಟಿದ್ದೇನೆ. ಕೆಲಸದಿಂದ ಬಂದು ದಿನಾ ಒಂದು ಸಲ ಹಾಕುತ್ತಾಳಂತೆ. ಸ್ಪೀಕರಿನ ಮೇಲೆ, ಟೀವಿಯ ಮೇಲೆ ಕ್ಯಾಸೆಟ್ ಇಡಬೇಡ. ಒಳಗಿನ ಅಯಸ್ಕಾಂತಕ್ಕೆ ದನಿ ಮಾಸುತ್ತದೆ.

ಯಜಮಾನರಿಗೆ ನನ್ನ ನಮಸ್ಕಾರ ಹೇಳು. ನಡೆಯಲು ಆತುರಪಡಬೇಡಿರೆಂದು ಹೇಳು. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಆರೋಗ್ಯ ಚೆನ್ನಾಗಿರಲಿ ತಾಯಿ.

ಇಂತಿ ನಿನ್ನ
ಅಕ್ಕ

ತಾ.ಕ. ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ಹೊರಗೆ ತೆಗೆದಿದ್ದೇನೆ. ಇದರಲ್ಲೂ ಸುಳ್ಳು ಬರೆದೆ ಪುಟ್ಟಿ.

ಗುಬ್ಬಿಗೆ ಮನಸ್ಸಿಲ್ಲದೆ ಇರಲಿಲ್ಲ. ದೊಡ್ಡಣ್ಣ ನೋಡಬೇಕು ಅಂತಿದ್ದಾನೆ ಅಂದಾಗ, "ಬರಲಿ ಅಕ್ಕ, ಇವತ್ತೇ ಬರಲಿ" ಅಂದಿದ್ದ. ನಾನೇ ಕರೆದುಕೊಂಡು ಹೋಗಲಿಲ್ಲ. ಇಬ್ಬರೂ ಎದುರುಬದುರು ಕೂತರೆ ಮೊದಲು ಬರುವುದು ಅಮ್ಮನ ಮಾತು, ಬಂದರೆ ನಾನು ಸಿಕ್ಕಿಬೀಳುತ್ತಿದ್ದೆ. ಅಮ್ಮನ ಕೊನೆಯ ಆ ಮೂರು ದಿನ, ಪರವೂರಿನಲ್ಲಿ ಕೆಲಸದ ಮೇಲಿದ್ದ ದೊಡ್ಡಣ್ಣನಿಗೆ ನಾನು ಫೋನ್ ಮಾಡಲೇ ಇಲ್ಲ. ಎಕ್ಸ್‌ಚೇಂಜಿನಲ್ಲಿ ಕೂತವಳಿಗೆ ಅದು ಎರಡು ನಿಮಿಷದ ಕೆಲಸ. ಆರು ವರ್ಷ ಅಮ್ಮನಿಗೆ ಸ್ನಾನ ಮಾಡಿಸಿದವಳು, ಹಾಸಿಗೆ ಒಗೆದವಳು ನಾನು. ಕಣ್ಣು ಬಿಟ್ಟಾಗಲೆಲ್ಲ ಅವಳು ಕೇಳಿದ್ದು "ದೊಡ್ಡವನು ಬಂದನಾ?" ಎಂದು. ಪಕ್ಕದಲ್ಲಿದ್ದ ನನ್ನನ್ನು "ನರ್ಸಮ್ಮ, ನೀರು" ಅಂದಳು. ನನಗೆ ಹೊಟ್ಟೆ ಉರಿಯಿತು. ಒಂದು ದಿನ ಬಿಟ್ಟು ಮಾಡಿದರಾಯಿತು ಅಂದುಕೊಂಡೆ, ಅಷ್ಟರಲ್ಲಿ ಹೋದಳು. ಅವನಿಗೆ ಫೋನ್ ಮಾಡಿದೆಯಾ ಎಂದು ಗುಬ್ಬಿ ಕೇಳಿದಾಗ, "ಮಾಡಿದ್ದೆ, ನೋಡ್ತೀನಿ ಅಂದ" ಎಂದುಬಿಟ್ಟೆ. ಆಮೇಲೆ ದೊಡ್ಡಣ್ಣ ಕೇಳಿದಾಗ, ಗುಬ್ಬಿ ತಿಳಿಸಿರುತ್ತಾನೆ ಅಂದುಕೊಂಡಿದ್ದೆ ಅಂದೆ. ಆಸ್ಪತ್ರೆಯಲ್ಲಿ ಗುರುವಾರ ಗುಬ್ಬಿ "ಅವನು ಯಾಕಕ್ಕ ಬರಲಿಲ್ಲ?" ಎಂದಾಗಲೂ ನನ್ನ ಬಾಯಿಗೆ ಬಂದದ್ದು ಅದೇ, "ನೋಡ್ತೀನಿ ಅಂದ." ಅವನು ಗೋಡೆಯ ಕಡೆ ತಿರುಗಿಕೊಂಡ.

ಮೊನ್ನೆ ದೊಡ್ಡಣ್ಣ ಬಂದಿದ್ದ. "ಸಾಯೋವಾಗಲೂ ನನ್ನ ಮುಖ ಬೇಡ ಅಂದನಲ್ಲ ಅಕ್ಕ, ನಾನು ಅಷ್ಟು ಕೆಟ್ಟವನಾ?" ಎಂದು ಮಗುವಿನ ಹಾಗೆ ಅತ್ತ. ನನ್ನಿಂದ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿದ. ಎದ್ದು ಚಪ್ಪಲಿ ಮೆಟ್ಟಿ, ಬಾಗಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆ ಅಂದ:

"ಪುಟ್ಟಿಗೆ ಇದನ್ನ ಹೇಳೋದು ನನ್ನ ಕೈಲಾಗಲ್ಲ. ನೀವೇ ಬರೆದು ತಿಳಿಸಿ."

'ನೀವು' ಅಂದ ಪುಟ್ಟಿ. ಮಾತು ಕಲಿತಾಗಿನಿಂದ ನನ್ನನ್ನು 'ನೀನು' ಅನ್ನುತ್ತಿದ್ದವನು.