ಸೊಪ್ಪಿನ ಮೇಷ್ಟ್ರ ಮೂಳೆ ಸಾರು

ಮಾರ್ಚ್ 4, ಮಂಗಳವಾರ

ಕಡಲೆ ನೆನೆಹಾಕಿದ್ದಾಯಿತು. ಹಿಟ್ಟು ಹುಳಿ ಬಂದಿದೆ. ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ — ಇವತ್ತು ಇಥಿಯೋಪಿಯಾ. ದಿನಕ್ಕೊಂದು ದೇಶದ ಸಸ್ಯಾಹಾರ. ಅಪ್ಪ ಹೋಟೆಲು ತೆರೆದಾಗಿನಿಂದ ಇದೇ ಪದ್ಧತಿ. ಅಲ್ಲಿಯವರು ಉಪವಾಸದ ದಿನ ಮಾಡುವ ಖಾರದ ಕೆಂಪು ಬೇಳೆ, ಎಲೆಕೋಸು, ಅಗಲವಾದ ಹುಳಿ ರೊಟ್ಟಿ. ಮೊದಲ ರೊಟ್ಟಿ ಹರಿಯಿತು. ಎರಡನೆಯದೂ. ನನ್ನನ್ನೇ ಬೈದುಕೊಂಡೆ.

ಅಪ್ಪ ಮೂಲೆಯ ಮೇಜಿನಲ್ಲಿ ಹೊಸ ಗಿರಾಕಿಯೊಬ್ಬರನ್ನು ಹಿಡಿದುಕೊಂಡಿದ್ದರು. ಬೀದಿಯವರೆಲ್ಲ ಸೊಪ್ಪಿನ ಮೇಷ್ಟ್ರು ಅಂತ ಕರೆಯುವುದು ಸುಮ್ಮನೆ ಅಲ್ಲ. “ವೆಜಿಟೇರಿಯನ್ ಅನ್ನೋ ಪದಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ ಸ್ವಾಮಿ. ಅದಕ್ಕೂ ಮುಂಚೆ ಯೂರೋಪಿನೋರು ನಮ್ಮಂಥೋರನ್ನ ಪೈಥಾಗೊರಸ್ ಕಡೆಯೋರು ಅಂತಿದ್ರು. ಅದೇ, ಸ್ಕೂಲಲ್ಲಿ ನಿಮ್ಮನ್ನ ಅಳಿಸಿದ್ನಲ್ಲ, ತ್ರಿಕೋನದೋನು! ಮಾಂಸ ಬಿಡಿ ಅಂದ, ಸರಿ. ಬೀನ್ಸೂ ಮುಟ್ಟಬೇಡಿ ಅಂದನಂತೆ. ಅದೊಂದನ್ನ ಮಾತ್ರ ನಾವು ಕಿವಿಗೆ ಹಾಕ್ಕೊಳ್ಳಲಿಲ್ಲ.”

ಗಿರಾಕಿ ನಕ್ಕರು. ಅಪ್ಪ ನೀರು ಕುಡಿದು ಮತ್ತೆ ಮೊದಲಿನಿಂದ ಶುರು ಮಾಡಿದರು. ಅದೇ ಮಾತು, ಅದೇ ಜಾಗದಲ್ಲಿ ಅದೇ ನಗು. ಪಾಪ, ಗಿರಾಕಿ ಮತ್ತೆ ನಕ್ಕರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಬಟ್ಟಲನ್ನು ಚಮಚದಿಂದ ಕಲಕಿ ಕಲಕಿ ನೋಡಿದರು. “ಸಾರಿಗೆ ಮೂಳೆ ಹಾಕಿಲ್ವಾ?”

ತಮಾಷೆ ಅಂದುಕೊಂಡು ನಕ್ಕೆ.

ಮಾರ್ಚ್ 7, ಶುಕ್ರವಾರ

ತಮಾಷೆ ಅಲ್ಲ.

ಇವತ್ತು ನನ್ನನ್ನು “ಅಕ್ಕ” ಅಂದರು. ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. “ಅಕ್ಕ, ಮೂಳೆ ಸಾರು ಕೊಡೇ. ಒಳಗಿಂದು ನನಗೇ ಇಟ್ಟಿರು, ಹೀರ್ತೀನಿ.” ಅಂಗೈ ಚಾಚಿ ಕೂತರು. ಎಂಬತ್ತರ ಹತ್ತಿರದ ಮುದುಕ, ಆರು ವರ್ಷದ ಕಣ್ಣು.

ಮರೆವಿನ ಕಾಯಿಲೆ ಅಂತ ಡಾಕ್ಟರು ಹೋದ ವರ್ಷವೇ ಹೇಳಿದ್ದರು. ಹೆಸರು ಮರೆಯುತ್ತಾರೆ, ದಾರಿ ಮರೆಯುತ್ತಾರೆ ಅಂದಿದ್ದರು. ಇದನ್ನು ಹೇಳಿರಲಿಲ್ಲ.

ಅಪ್ಪ ಹರೆಯದಲ್ಲಿ ಕಸಾಯಿಖಾನೆಯಲ್ಲಿ ಕೆಲಸಕ್ಕಿದ್ದರು. ಪೈಪು ಹಿಡಿದು ನೆಲದ ರಕ್ತ ತೊಳೆಯುವುದು. ಒಂದು ಬೆಳಿಗ್ಗೆ, ಸಾಲಿನಲ್ಲಿ ನಿಂತ ಎತ್ತೊಂದು ಕತ್ತು ಚಾಚಿ ಇವರ ಮಣಿಕಟ್ಟು ನೆಕ್ಕಿತಂತೆ. ಬೆವರಿನ ಉಪ್ಪಿಗೆ. ಪೈಪು ಅಲ್ಲೇ ಬಿಟ್ಟು ಮನೆಗೆ ನಡೆದರು. ಅವತ್ತಿನಿಂದ ಮಾಂಸ ಮುಟ್ಟಲಿಲ್ಲ. ಗಿರಾಕಿಗಳಿಗೆ ಲೋಕದ ಚರಿತ್ರೆಯೆಲ್ಲ ಹೇಳುತ್ತಿದ್ದರು, ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ನಮಗೆ ಅಮ್ಮ ಹೇಳಿದ್ದು.

ಮಾರ್ಚ್ 16, ಭಾನುವಾರ

ತಮ್ಮ ಬಂದಿದ್ದ. ಬಸ್ಸಿನ ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ. ಅಪ್ಪನನ್ನು ನೋಡಿ ಗಾಬರಿಯಾದ. ಅನ್ನ ದೂಡುತ್ತಾರೆ, ಬೇಳೆ ದೂಡುತ್ತಾರೆ, ಹಾಲು ಉಗಿಯುತ್ತಾರೆ. ಕೆನ್ನೆ ಒಳಕ್ಕೆ ಹೋಗಿದೆ.

“ಕೇಳ್ತಿರೋದನ್ನ ಕೊಟ್ಟುಬಿಡಕ್ಕ.”

“ಅಪ್ಪ ಕೇಳ್ತಿಲ್ಲ ಕಣೋ. ಯಾವುದೋ ಹುಡುಗ ಕೇಳ್ತಿದಾನೆ.”

“ಹುಡುಗಾನೋ ಮುದುಕಾನೋ, ಹಸಿದಿರೋದು ಅಪ್ಪನ ಹೊಟ್ಟೆ ತಾನೇ?”

ಸಿಟ್ಟು ಬಂತು. ನೀನು ಹೊರಗೆ ಏನು ತಿಂತೀಯ ಅಂತ ನನಗೆ ಗೊತ್ತಿಲ್ವಾ ಅಂದೆ. “ಅಪ್ಪನಿಗೂ ಗೊತ್ತಿತ್ತು. ಒಂದು ದಿನಾನೂ ಕೇಳಲಿಲ್ಲ” ಅಂದ. ನಿಜ. ಅಮ್ಮನ ಕೊನೆಗಾಲದಲ್ಲಿ ಡಾಕ್ಟರು ಮೂಳೆ ಸಾರು ಕೊಡಿ ಅಂದಾಗ ಅಪ್ಪನೇ ಕಾಯಿಸಿ ಕೊಟ್ಟಿದ್ದರು. ಮುಖ ಆ ಕಡೆ ತಿರುಗಿಸಿಕೊಂಡು, ಆದರೆ ಒಂದು ಹನಿ ಚೆಲ್ಲದೆ. ಅವಳ ಬಾಯಿ ಅವಳದು ಅಂದಿದ್ದರು. ಆಮೇಲೆ ಸ್ವಂತ ಆಪರೇಷನ್ ಆದಾಗ ಒಂದು ಮೊಟ್ಟೆಗೂ ಒಪ್ಪಲಿಲ್ಲ. “ಸತ್ರೆ ಹೀಗೇ ಸಾಯ್ತೀನಿ” ಅಂತ ಗೋಡೆ ಕಡೆ ತಿರುಗಿ ಮಲಗಿದ್ದರು.

ಎರಡೂ ಅವರೇ. ಯಾರ ಮಾತು ಕೇಳಲಿ...

ಮಾರ್ಚ್ 29, ಶನಿವಾರ

ಹಲಗೆ ಮೇಲೆ ಚೀನಾ. ಗಿರಾಕಿಗಳ ನೆಪ, ಅಪ್ಪನಿಗಾಗಿಯೇ ಮಾಡಿದ್ದು. ಗೋಧಿ ಹಿಟ್ಟು ಗಟ್ಟಿಯಾಗಿ ನಾದಿ ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದೆ. ಹಾಲಿನಂಥ ಗಂಜಿಯೆಲ್ಲ ಹೋಗಿ ರಬ್ಬರಿನಂಥ ಉಂಡೆ ಉಳಿಯುತ್ತದೆ. ಒಣಗಿದ ಅಣಬೆ, ಸೋಯಾ, ಶುಂಠಿ ಹಾಕಿ ಬೇಯಿಸಿದರೆ ನಾರು ನಾರಾಗಿ ಮಾಂಸದ ಹಾಗೇ. ಅಲ್ಲಿಯ ಮಠಗಳಲ್ಲಿ ಬೌದ್ಧ ಸನ್ಯಾಸಿಗಳು ಬಂದ ಅತಿಥಿಗಳಿಗೆ ಮಾಡಿ ಬಡಿಸುತ್ತಿದ್ದುದು. ಕಲಿಸಿದವರು ಅಪ್ಪನೇ. ಕೈ ಮೇಲೆ ಕೈಯಿಟ್ಟು, ‘ಅವಸರ ಮಾಡ್ಬೇಡ, ನೀರು ತಿಳಿಯಾಗೋವರೆಗೂ ತೊಳಿ’ ಅಂತ.

ಒಂದು ಚೂರು ಬಾಯಿಗಿಟ್ಟರು. ಅಗಿದರು. ಅಂಗೈಗೆ ಉಗಿದು ಅದನ್ನೇ ದಿಟ್ಟಿಸಿ ನೋಡಿದರು.

“ಮೋಸ ಮಾಡ್ತೀಯ ಅಕ್ಕ” ಅಂದರು. ಅತ್ತರು.

ಏಪ್ರಿಲ್ 2, ಬುಧವಾರ

ಡಾಕ್ಟರು ತೂಕ ನೋಡಿ ಕನ್ನಡಕ ತೆಗೆದಿಟ್ಟರು. ಮೂಗಿಗೆ ನಳಿಗೆ ಹಾಕಬಹುದು, ಆದರೆ ಕಿತ್ತುಹಾಕುತ್ತಾರೆ, ಕೈ ಕಟ್ಟಬೇಕಾಗುತ್ತದೆ ಅಂದರು. “ಬೇರೆ ಏನಾದ್ರೂ ಇಷ್ಟಪಟ್ಟು ಕೇಳ್ತಾರಾ?”

ಕೇಳ್ತಾರೆ ಅಂದೆ.

“ಮತ್ತೆ ಕೊಡೋದಕ್ಕೇನಮ್ಮ?”

ಏಪ್ರಿಲ್ 11, ಶುಕ್ರವಾರ

ಮಾಂಸದಂಗಡಿಗೆ ಹೋದೆ. ಈ ವಯಸ್ಸಿಗೆ ಮೊದಲ ಸಲ. ತಲೆ ತುಂಬ ಸೆರಗು ಹೊದ್ದುಕೊಂಡು ಕಳ್ಳಿಯ ಹಾಗೆ. ಏನು ಪ್ರಯೋಜನ — ಅಂಗಡಿಯವನು ಕತ್ತಿ ಕೆಳಗಿಟ್ಟು “ಸೊಪ್ಪಿನ ಮೇಷ್ಟ್ರ ಮಗಳಲ್ವಾ ನೀವು!” ಅಂದ. ಅಪ್ಪ ಇವನಿಗೂ ಭಾಷಣ ಬಿಗಿದಿದ್ದರಂತೆ, ಇಲ್ಲೇ ನಿಂತು. “ಬೈತಾರೆ, ಆಮೇಲೆ ಮಕ್ಕಳು ಹೇಗಿದಾರೆ ಅಂತ ಕೇಳ್ತಾರೆ. ಒಳ್ಳೇ ಮನುಷ್ಯ.” ಯಾರಿಗೆ ಅಂತ ಕೇಳಲಿಲ್ಲ. ಮೂಳೆ ಆರಿಸಿ ಕಡಿದು ಕಟ್ಟಿದ.

ಲೋಕದ ಅಡುಗೆಯೆಲ್ಲ ಮಾಡುವವಳಿಗೆ ಇದು ಗೊತ್ತಿಲ್ಲ. ಹೇಗೆ ಬೇಯಿಸುವುದು ಅಂತ ನಾಚಿಕೆ ಬಿಟ್ಟು ಕೇಳಿದೆ. ಹೇಳಿಕೊಟ್ಟ. ಸಣ್ಣ ಉರಿ, ನೊರೆ ತೆಗೀತಾ ಇರಿ, ಉಪ್ಪು ಕೊನೆಗೆ.

ಹೋಟೆಲಿನ ಒಲೆಯ ಮೇಲೆ ಮನಸ್ಸು ಬರಲಿಲ್ಲ. ಮನೆಯ ಹಿಂದೆ, ನೀರು ಕಾಯಿಸುವ ಒಲೆಯಲ್ಲಿ ಇಟ್ಟೆ. ನೊರೆ ತೆಗೆಯುತ್ತಾ ಕೂತೆ.

ಅಪ್ಪ ಕುಡಿದರು. ಬಟ್ಟಲು ಎತ್ತಿ, ಗಟಗಟ. ಮತ್ತೆ ಕೇಳಿದರು. ಮೂಳೆ ಹೀರಿದ ಸದ್ದು ಅಡುಗೆಮನೆಗೂ ಕೇಳಿಸಿತು. ಗಲ್ಲದಲ್ಲೆಲ್ಲ ಜಿಡ್ಡು. ಅಷ್ಟು ಸುಖವಾಗಿರುವ ಅಪ್ಪನನ್ನು ನಾನು ಜನ್ಮದಲ್ಲಿ ಕಂಡಿಲ್ಲ.

“ನೀನೂ ಕುಡಿಯೇ ಅಕ್ಕ. ಯಾವಾಗ್ಲೂ ನನಗೇ ಕೊಡ್ತೀಯ.” ಚಮಚ ನನ್ನ ಬಾಯಿಯ ಹತ್ತಿರ ಹಿಡಿದರು. ಸಾರು ತುಳುಕುತ್ತಿತ್ತು. ಹಟ. ಬಾಯಿ ತೆರೆದೆ.

ಉಪ್ಪು ಕಡಿಮೆಯಾಗಿತ್ತು. ಅಷ್ಟೇ ತಿಳಿದದ್ದು.

ಏಪ್ರಿಲ್ 24, ಗುರುವಾರ

ದಿನಾ ಸಾರು. ಕೆನ್ನೆ ತುಂಬುತ್ತಿದೆ. ತಮ್ಮನಿಗೆ ಖುಷಿಯೋ ಖುಷಿ. ನೋಡಿದ್ಯಾ ಅಂತ ಕಣ್ಣಲ್ಲೇ ಅಂದ. ಹೋಟೆಲಿನಲ್ಲಿ ಒಬ್ಬರು “ಇದೇನು ವಾಸನೆ?” ಅಂದಂತಾಯಿತು. ಅವರು ಕೇಳಿದ್ದು ಬಾಗಿಲಿಗೆ ಬಳಿದಿದ್ದ ಹೊಸ ಬಣ್ಣದ ವಾಸನೆಯನ್ನು. ಕೈ ಎಷ್ಟು ಉಜ್ಜಿದರೂ ಸಮಾಧಾನವಿಲ್ಲ.

ಮೇ 4, ಭಾನುವಾರ. ಬೆಳಿಗ್ಗೆ

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಅಪ್ಪ ಎದ್ದು ತಾವೇ ಮುಖ ತೊಳೆದು, ಬಟನ್ ಸರಿಯಾಗಿ ಹಾಕಿಕೊಂಡು ಹಿತ್ತಲಿಗೆ ಬಂದರು. “ಮಗಳೇ, ಇವತ್ತು ಹಲಗೆ ಮೇಲೆ ಏನು ಬರೀತೀಯ?” ಅಂದರು. ಮಗಳೇ. ಎಷ್ಟು ತಿಂಗಳಾಯಿತೋ ಆ ಮಾತು ಕೇಳಿ. ಜಪಾನ್ ಅಂದೆ. ಖುಷಿಯಾಗಿ ಕಲ್ಲಿನ ಮೇಲೆ ಕೂತರು.

“ಒಂದು ಕಾಲದಲ್ಲಿ ಅಲ್ಲಿ ರಾಜನೇ ಮಾಂಸ ತಿನ್ನಬೇಡಿ ಅಂತ ಆಜ್ಞೆ ಹೊರಡಿಸಿದ್ದ. ಜನ ಬಿಡ್ತಾರಾ? ಆಮೇಲಾಮೇಲೆ ಕಾಡುಹಂದಿಗೆ ಬೆಟ್ಟದ ತಿಮಿಂಗಿಲ ಅಂತ ಹೆಸರಿಟ್ಟರು. ಮೀನು ತಿನ್ನಬಹುದಲ್ಲ, ತಿಮಿಂಗಿಲಾನೂ ಮೀನೇ ಅಂತ!” ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೆಸರು ಬದಲಾಯಿಸಿದ್ರೆ ಹಂದಿಗೆ ಗೊತ್ತಾಗಲ್ವೇನೇ?”

ಆಮೇಲೆ ಮೂಗು ಅರಳಿತು. ಒಲೆ ನೋಡಿದರು. ಪಾತ್ರೆ ನೋಡಿದರು.

“ಇದು ಯಾರಿಗೆ?”

“ತಮ್ಮನಿಗೆ. ಸುಸ್ತಾಗಿದಾನೆ” ಅಂದೆ.

“ಒಳ್ಳೇದು. ಅವನ ಬಾಯಿ ಅವನದು.” ಒಲೆಯ ಕಟ್ಟಿಗೆ ಒಳಕ್ಕೆ ದೂಡಿದರು. “ನನ್ನ ತಲೆ ಕೆಡ್ತಾ ಇದೆ ಅಂತ ನನಗೆ ಗೊತ್ತು ಕಣಮ್ಮ. ಬುದ್ಧಿ ಪೂರ್ತಿ ಹೋದ್ಮೇಲೆ ಯಾರು ಏನು ಬಾಯಿಗೆ ಹಾಕ್ತಾರೋ ಅಂತ ಹೆದರಿಕೆ ಆಗ್ತಿತ್ತು. ಆದ್ರೆ ನೀನಿದ್ದೀಯಲ್ಲ.”

ತಲೆ ಸವರಿದರು. ಒಳಗೆ ಹೋದರು.

ಮಧ್ಯಾಹ್ನ

“ಅಕ್ಕ, ಸಾರು” ಅಂತ ಕೂಗುತ್ತಿದ್ದಾರೆ. ಪಾತ್ರೆ ಚೆಲ್ಲಿದ್ದೇನೆ.

ಮೇ 9, ಶುಕ್ರವಾರ

ಗಂಜಿ ಬೇಡ. ಹಣ್ಣು ಬೇಡ. ಹಲ್ಲು ಕಚ್ಚಿ ಹಿಡಿಯುತ್ತಾರೆ. ತಮ್ಮ ಬಂದು ಬಾಯಿಗೆ ಬಂದಂತೆ ಬೈದ. ನಡೆದದ್ದು ಹೇಳಿದೆ. ತಲೆ ತಗ್ಗಿಸಿ ಕೇಳಿದ. ಕೊನೆಗೆ, “ಅದು ಒಂದು ಗಂಟೆಯ ಅಪ್ಪ ಅಕ್ಕ. ಉಳಿದ ಇಪ್ಪತ್ಮೂರು ಗಂಟೆಯ ಅಪ್ಪನಿಗೆ ಏನು ಹೇಳ್ತೀಯ?” ಅಂದ.

ಆ ಒಂದು ಗಂಟೆಯವರು ನನ್ನನ್ನು ನಂಬಿದ್ದಾರೆ. ಇಪ್ಪತ್ಮೂರು ಗಂಟೆಯವರು ಹಸಿದಿದ್ದಾರೆ. ಯಾರಿಗೂ ನಾನು ಮಗಳಾಗಲಿಲ್ಲ.

ಮೇ 13, ಮಂಗಳವಾರ

ಸೋತೆ. ಮತ್ತೆ ಮಾಂಸದಂಗಡಿ. ಮತ್ತೆ ಸಣ್ಣ ಉರಿ. ಈ ಸಲ ಉಪ್ಪು ಸರಿಯಾಗಿತ್ತು, ರುಚಿ ನೋಡಿಯೇ ತಂದೆ.

ಚಮಚ ತುಟಿಗೆ ಮುಟ್ಟಿಸಿದೆ. ಮುಖ ತಿರುಗಿಸಿದರು. ಅಪ್ಪ, ಮೂಳೆ ಸಾರು ಅಂದೆ. ತಮ್ಮಾ, ಮೂಳೆ ಸಾರು ಕಣೋ ಅಂದೆ, ಅಕ್ಕನ ಹಾಗೆ. ಕಣ್ಣು ತೆರೆದು ನೋಡಿದರು. ಯಾರನ್ನೋ ನೋಡುವ ಹಾಗೆ. ಗಲ್ಲದ ಮೇಲೆ ಇಳಿದುಹೋಯಿತು ಸಾರು.

ಈಗ ಅದೂ ಬೇಡ. ಯಾವುದೂ ಬೇಡ. ಒಂಬತ್ತು ದಿನ ನಾನು ತಡ ಮಾಡಿದ್ದಕ್ಕೋ, ಹೇಗಿದ್ದರೂ ಹೀಗೇ ಆಗುತ್ತಿತ್ತೋ. ನುಂಗುವುದೂ ಮರೆತುಹೋಗುವ ಹಂತ ಅಂತ ಒಂದು ಬರುತ್ತದಂತೆ, ಡಾಕ್ಟರು ಫೋನಿನಲ್ಲಿ ಹೇಳಿದರು. ಯಾರ ತಪ್ಪೂ ಅಲ್ಲ ಅಂದರು. ಎಲ್ಲರಿಗೂ ಹಾಗೇ ಹೇಳುತ್ತಾರೇನೋ.

ಮೇ 17, ಶನಿವಾರ

ಹೋಟೆಲು ಮುಚ್ಚಿ ಮೂರನೇ ದಿನ. ಶಟರ್ ಮುಂದೆ ನಿಂತು ಒಂದಿಬ್ಬರು ಕೇಳಿ ಹೋದರಂತೆ, ಇವತ್ತು ಯಾವ ದೇಶ ಅಂತ. ನೆನೆಹಾಕಿದ್ದ ಕಡಲೆ ಹಳಸಿ ನೊರೆ ಬಂದಿತ್ತು. ಎಸೆದೆ.

ಅಪ್ಪನ ತುಟಿಗೆ ಒದ್ದೆ ಹತ್ತಿ ಒತ್ತುವುದೊಂದೇ ಕೆಲಸ. ತಮ್ಮನೂ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದಾನೆ. ಜಗಳಕ್ಕೂ ಈಗ ಏನೂ ಉಳಿದಿಲ್ಲ. ಇಬ್ಬರೂ ಏನೂ ತಿಂದಿಲ್ಲ. ಅವನಿಗಾದರೂ ಒಂದಿಷ್ಟು ಅನ್ನ ಮಾಡಿಡೋಣ ಅಂತ ಎದ್ದು ಬಂದೆ, ಅಕ್ಕಿ ತೊಳೆದಿಟ್ಟು ಇಲ್ಲೇ ಅಡುಗೆಮನೆಯಲ್ಲಿ ಬರೆಯುತ್ತಾ ಕೂತೆ. ನೀರು ಇನ್ನೂ ಕುದಿ ಬಂದಿಲ್ಲ. ಒಳಗಿಂದ ತಮ್ಮ ಕೂಗುತ್ತಿದ್ದಾನೆ. “ಅಕ್ಕ, ಬೇಗ ಬಾ, ಅಪ್ಪನ ಉಸಿರು...” ಅಂತ. ಒಲೆ ಆರಿಸಿ ಹೋಗುತ್ತೇನೆ.