ಎನ್ನಲಾದ ಹೆಣಿಗೆ

ಎಲ್ಲದಕ್ಕೂ ‘ಯಾಕೆ’ ಎನ್ನುವ ಪ್ರೀತಿಯ ‘ಯಾಕಮ್ಮ’ನ ಸನ್ನಿಧಿಗೆ,

ನಿನ್ನ ತಾಯಿಯ ಅಣ್ಣನೂ, ನ್ಯಾಯಾಲಯದೆದುರಿನ ಕೋಣೆಯಲ್ಲಿ ನಲವತ್ತು ವರ್ಷ ಪರರ ಅರ್ಜಿಗಳ ಶುದ್ಧಪ್ರತಿ ಬರೆದವನೂ ಆದ ನಾನು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ನಿನ್ನ ಪ್ರಯೋಗಕ್ಕೆ ಎರಡನೆಯ ವರ್ಷದ ಅನುಮತಿ ತಪ್ಪಿದ್ದು ನಿನ್ನ ಜೊತೆಗಾರನಿಂದಲ್ಲ, ನನ್ನಿಂದ.

ಆ ಮಧ್ಯಾಹ್ನ ನೀನು ಊಟದ ಮೇಜಿನ ಮೇಲೆ ಎರಡು ತಟ್ಟೆ ಬೋರಲು ಹಾಕಿ ನನಗೆ ಪಾಠ ಹೇಳಿದ್ದೆ. “ಮಾವಾ, ಇವೆರಡೂ ಅಲ್ಯೂಮಿನಿಯಂ ಡ್ರಮ್ಮು ಅಂದ್ಕೋ. ಕೂದಲೆಳೆಗಿಂತ ಚಿಕ್ಕವು. ಆದ್ರೂ ಒಂದೊಂದರಲ್ಲೂ ಲಕ್ಷ ಕೋಟಿ ಪರಮಾಣು! ಆ ಲೋಕದಲ್ಲಿ ಇವು ಆನೆಗಳು. ಇಂಥ ಆನೆಗಳ ನಡುವೆ ಕ್ವಾಂಟಂ ಹೆಣಿಗೆ ಕಂಡಿದ್ದೀವಿ. ಒಂದರ ನಡುಕ ಬಿಟ್ಟು ಇನ್ನೊಂದರದ್ದನ್ನ ಪೂರ್ತಿ ಹೇಳೋಕೇ ಆಗಲ್ಲ.” ಬಾರಿಸುವವರು ಯಾರೆಂದು ನಾನು ಕೇಳಿದೆ. ಮೈಕ್ರೋವೇವ್ ಎಂದೆ ನೀನು. “ಹಾಗಾದ್ರೆ ಅನ್ನಾನೂ ಬಿಸಿಯಾಗುತ್ತಾ?” ಎಂದು ನಾನಂದದ್ದಕ್ಕೆ ನೀನು ಬಿದ್ದು ಬಿದ್ದು ನಕ್ಕೆ.

ಆಮೇಲೆ, ಅನುಮತಿ ಕೊಡುವ ಸಮಿತಿಗೆ ಬರೆದ ಅರ್ಜಿಯ ಕರಡನ್ನು ನನ್ನ ಕೈಗಿಟ್ಟೆ. “ಹೆಣಿಗೆಯನ್ನು ನಾವು ಕಂಡಿದ್ದೇವೆ” ಎಂದಿತ್ತು. ನನ್ನ ಕಣ್ಣಿಗೆ ಅದು ಬೆತ್ತಲೆ ವಾಕ್ಯ. ಅರ್ಜಿಯಲ್ಲಿ ಕಳವು ಕೂಡ ‘ನಡೆಯಿತೆನ್ನಲಾದ ಕಳವು’. ಬರೆದವನ ಮೇಲೆ ಏನೂ ಬರಬಾರದು. ನಿನಗೆ ಗೌರವ ತರುವೆನೆಂಬ ಗರ್ವದಲ್ಲಿ “ಅರ್ಜಿದಾರರಿಂದ ಗಮನಿಸಲ್ಪಟ್ಟಿತೆನ್ನಲಾದ ಹೆಣಿಗೆಯು” ಎಂದು ತಿದ್ದಿದೆ. ನೀನು ನನ್ನನ್ನು ನಂಬಿ, ಓದದೆ ಸಹಿ ಹಾಕಿದೆ.

“ಫಲಿತಾಂಶದ ಬಗ್ಗೆ ಅರ್ಜಿದಾರರಿಗೇ ಖಚಿತವಿಲ್ಲ” ಎಂದು ಸಮಿತಿ ಉತ್ತರಿಸಿದಾಗ ನಿನ್ನ ಮುಖ ಬಿಳಿಚಿತ್ತು. “ಆ ಥರ್ಮಾಮೀಟರೇ ಹೋಗಿ ಸಮಿತಿಯವರ ಕಿವಿಗೆ ಊದಿರ್ಬೇಕು. ಅನುಮಾನ ಇದ್ದಿದ್ದು ಅವನೊಬ್ಬನಿಗೇ” ಎಂದೆ ನೀನು. ದಿನಕ್ಕೆ ಹತ್ತು ಸಲ ಯಂತ್ರದ ಶೈತ್ಯ ಅಳೆಯುತ್ತಾನೆಂದು ನೀನೇ ಆ ಜೊತೆಗಾರನಿಗೆ ಇಟ್ಟ ಹೆಸರು ಅದು. ನನಗೆ ಎಲ್ಲವೂ ಗೊತ್ತಿತ್ತು. ಪೆನ್ನಿನ ಮುಚ್ಚಳ ಹಾಕುತ್ತ, “ಹೋಗ್ಲಿ ಬಿಡು” ಎಂದೆ.

ಎಂಟು ತಿಂಗಳಿಂದ ಒಂದೇ ಕೋಣೆಯಲ್ಲಿ ನೀವಿಬ್ಬರೂ ಬೆನ್ನು ತಿರುಗಿಸಿ ಕೂತಿದ್ದೀರಿ. ಬಸ್ ನಿಲ್ದಾಣದಲ್ಲಿ ಅವನು, “ಮಾವಾ, ನನ್ನಿಂದ ಏನಾಯ್ತು ಅಂತ ಅವಳು ಹೇಳಿದ್ಲಾ?” ಎಂದು ಕೇಳಿದ. “ಕೆಲಸದ ಒತ್ತಡ ಎನ್ನಲಾಗಿದೆ” ಎಂದೆ. ಆ ಹುಡುಗ ನನ್ನ ಚೀಲವನ್ನು ಬಸ್ಸಿನವರೆಗೂ ಹೊತ್ತು ತಂದ.

ನಿನ್ನೆ ನೀನು ಪ್ರಬಂಧದಿಂದ ಅವನ ಹೆಸರನ್ನು ತೆಗೆಯುವುದಾಗಿ ಹೇಳಿದೆ. ಇನ್ನು ಸುಮ್ಮನಿದ್ದರೆ ಕಳ್ಳ ನಾನೇ, ಎನ್ನಲಾದ ಕಳ್ಳನಲ್ಲ.

ನಿನ್ನ ಕರಡು, ನನ್ನ ಶುದ್ಧಪ್ರತಿ ಎರಡನ್ನೂ ಲಗತ್ತಿಸಿದ್ದೇನೆ. ಈ ಪತ್ರದ ನಕಲು ಅವನಿಗೂ ಸಮಿತಿಗೂ ಇಂದೇ ಹೋಗಿದೆ. ಮೊದಲು “ಸದರಿ ತಪ್ಪು ಸಂಭವಿಸಿರುತ್ತದೆ” ಎಂದು ಬರೆದು, ಹೊಡೆದುಹಾಕಿದೆ. ತಪ್ಪು ತಾನಾಗಿ ಸಂಭವಿಸಲಿಲ್ಲ. ನಾನು ಮಾಡಿದೆ.

ನೀನು ಕಂಡದ್ದನ್ನು ಕಂಡೆನೆಂದೇ ಹೇಳುವ ಧೈರ್ಯ ನಿನಗೆ ಕಡೆಯವರೆಗೂ ಇರಲಿ.

ಇಂತಿ,
ನಿನ್ನ ಮಾವ
(‘ಮಾವ’ ಎಂಬ ಪದದ ಹಿಂದೆ ‘ಎನ್ನಲಾದ’ ಸೇರಿಸುವುದೂ ಬಿಡುವುದೂ ನಿನ್ನ ಚಿತ್ತ.)